ಎರಡು ಮಳೆಗಾಲ ಕಂಡ ನೆಲದ ಆರ್ಕಿಡ್ ಮೂರನೆಯದಕ್ಕೆ ಏಳಲಿಲ್ಲ: ಮೈಕೋರೈಜಾ ಪುಡಿ ಹಾಕಿದ್ದರೂ ಏಕೆ?

ಬಾಲ್ಕನಿ ತೋಟ, ಕೊಥ್ರೂಡ್ (ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಯಲ್ಲಾಪುರದ ಕಡೆಯವಳು, ಮದುವೆಯಾದಾಗಿನಿಂದ ಪುಣೆಯಲ್ಲಿದ್ದೇನೆ. ಊರಿನ ಮನೆಯ ಹಲಸಿನ ಮರದಿಂದ ಗಾಳಿಗೆ ಮುರಿದುಬಿದ್ದ ಕೊಂಬೆಯ ಸಮೇತ ತಂದ ಸೀತಾಳೆ ದಂಡೆ ಎಂಬ ಮರದ ಆರ್ಕಿಡ್ ಒಂದು ನಮ್ಮ ಬಾಲ್ಕನಿಯಲ್ಲಿ ಹತ್ತು ವರ್ಷಗಳಿಂದ ಮಳೆಗಾಲದ ಹೊಸ್ತಿಲಿನಲ್ಲಿ ತಪ್ಪದೆ ಹೂ ಬಿಡುತ್ತಿದೆ. ಮಣ್ಣೇ ಇಲ್ಲದೆ ತೊಗಟೆಯ ಮೇಲೆ ಬದುಕುವ ಗಿಡ ಇಷ್ಟು ಸುಲಭವಾಗಿ ಒಗ್ಗಿಕೊಂಡಿರುವಾಗ, ನೆಲದಲ್ಲಿ ಬೆಳೆಯುವ ಆರ್ಕಿಡ್ ಇನ್ನೂ ಸುಲಭವಾಗಿರಬೇಕೆಂದು ನಾನು ತಿಳಿದುಕೊಂಡದ್ದೇ ಈ ಪ್ರಶ್ನೆಗೆ ಕಾರಣ.

ಮುಳಶಿಯ ಹತ್ತಿರ ನಮ್ಮ ಸಂಬಂಧಿಕರ ಜಮೀನಿದೆ. ಎರಡು ವರ್ಷಗಳ ಹಿಂದೆ ಮೇ ತಿಂಗಳ ಕೊನೆಯಲ್ಲಿ ಅಲ್ಲಿ ಮನೆ ಕಟ್ಟಲು ಜೆಸಿಬಿಯಿಂದ ನೆಲ ಸಮಮಾಡಿಸುತ್ತಿದ್ದಾಗ, ಮೇಲೆದ್ದ ಮಣ್ಣಿನಲ್ಲಿ ಸಣ್ಣ ಆಲೂಗಡ್ಡೆಯಂತಹ ಐದು ಗಡ್ಡೆಗಳು ಮೊಳಕೆ ಇಣುಕಿಸಿಕೊಂಡು ಬಿದ್ದಿದ್ದವು. ಅವನ್ನು ತಂದು ಎರಡು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೆಂಪುಮಣ್ಣು ಬೆರೆಸಿದ ಕುಂಡದಲ್ಲಿ ನೆಟ್ಟೆ. ಆರ್ಕಿಡ್‌ಗೆ ಶಿಲೀಂಧ್ರದ ಜೊತೆ ಬೇಕೆಂದು ಎಲ್ಲೋ ಓದಿದ್ದರಿಂದ, ನರ್ಸರಿಯಲ್ಲಿ ಸಿಗುವ ಮೈಕೋರೈಜಾ (ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರ) ಪುಡಿಯನ್ನೂ ಎರಡು ಚಮಚ ಹಾಕಿದೆ. ಮೊದಲ ಮಳೆಗಾಲದಲ್ಲಿ ಐದೂ ಎದ್ದವು. ನೆಲಕ್ಕೆ ಅಂಟಿಕೊಂಡ ದುಂಡನೆಯ ಒಂದೇ ಎಲೆ, ಅದರ ನಡುವಿನಿಂದ ಎದ್ದ ದಂಟಿನಲ್ಲಿ ಬಿಳಿಯ ಹೂಗಳು. ಕಾಡುಹೂಗಳಿಗೆ ಹೆಸರಾದ ಕಾಸ್ ಪಠಾರಕ್ಕೆ ವರ್ಷವೂ ಹೋಗುವ ಗೆಳತಿಯೊಬ್ಬಳು ಇದನ್ನು ಹಬೆನೇರಿಯಾ ಗ್ರ್ಯಾಂಡಿಫ್ಲೋರಿಫಾರ್ಮಿಸ್ ಎಂದು ಗುರುತಿಸಿದಳು.

ಎರಡನೆಯ ವರ್ಷ ಎದ್ದದ್ದು ಮೂರು, ಅವೂ ಬರೀ ಎಲೆ. ಆಗಸ್ಟಿನಲ್ಲಿ ಕೋಕೋಪೀಟ್ ಮೇಲೆ ಬಿಳಿಯ ಬೂಸ್ಟಿನ ಎಳೆಗಳು ಹಬ್ಬಿದ್ದನ್ನು ಕಂಡು ಹೆದರಿ ಕೇಳಿದಾಗ ಅಂಗಡಿಯವರು ಹೆಕ್ಸಾಕೊನಜೋಲ್ ಎಂಬ ಶಿಲೀಂಧ್ರನಾಶಕ ಕೊಟ್ಟರು; ಎರಡು ಬಾರಿ ಸಿಂಪಡಿಸಿದೆ. ಈ ವರ್ಷ ಜುಲೈ ಅರ್ಧ ಮುಗಿದರೂ ಏನೂ ಏಳದಿದ್ದಾಗ ಅಗೆದು ನೋಡಿದೆ. ಈರುಳ್ಳಿಯ ಸಿಪ್ಪೆಯಂತಹ ಖಾಲಿ ಹೊದಿಕೆಗಳು ಮಾತ್ರ ಸಿಕ್ಕವು.

ಇನ್ನೊಂದು ವಿಷಯವನ್ನೂ ಹೇಳಬೇಕು. ಮೊದಲ ವರ್ಷ ಹಲ್ಲುಕಡ್ಡಿಯಿಂದ ನಾನೇ ಪರಾಗಸ್ಪರ್ಶ ಮಾಡಿದ ಹೂಗಳಲ್ಲಿ ಎರಡು ಕಾಯಿ ಕಟ್ಟಿದ್ದವು. ಒಂದರ ಬೀಜವನ್ನು ಅದೇ ಕುಂಡದ ಮೇಲೆ ಉದುರಿಸಿದೆ, ಒಂದೂ ಮೊಳೆಯಲಿಲ್ಲ. ಇನ್ನೊಂದರ ಬೀಜ ಕಾಗದದಲ್ಲಿ ಮಡಿಸಿ ಫ್ರಿಜ್ಜಿನಲ್ಲಿದೆ. ಪುಡಿಯೇ ಕಳಪೆಯದಾಗಿತ್ತೇ? ಬೇರೆ ಯಾವ ಪುಡಿ ಕೊಳ್ಳಬೇಕು? ಉಳಿದ ಬೀಜದಿಂದ ಏನಾದರೂ ಮಾಡಲು ಸಾಧ್ಯವೇ?

ನಿವೃತ್ತ ಮೇಷ್ಟ್ರು, ಡೊಂಬಿವಲಿ

ತಂಗಿ, ಪುಡಿ ಕಳಪೆಯದೆಂದು ಹೇಳಲು ಕಾರಣವಿಲ್ಲ. ಅದು ಹೋದ ವಿಳಾಸ ತಪ್ಪು. ನರ್ಸರಿಗಳಲ್ಲಿ ಮೈಕೋರೈಜಾ ಎಂದು ಮಾರುವುದು ಸಾಮಾನ್ಯವಾಗಿ ಗ್ಲೋಮಸ್ ಬಳಗದ ಶಿಲೀಂಧ್ರಗಳನ್ನು. ಅವು ಜೋಳ, ಈರುಳ್ಳಿ, ಟೊಮೆಟೊ, ಮಾವು ಮೊದಲಾದ, ಎಂದರೆ ನೆಲದ ಮೇಲಿನ ಬಹುಪಾಲು ಗಿಡಗಳ ಬೇರಿನ ಕೋಶಗಳನ್ನು ಹೊಕ್ಕು ಮಣ್ಣಿನ ರಂಜಕವನ್ನು ಒದಗಿಸಿ, ಗಿಡದಿಂದ ಸಕ್ಕರೆಯನ್ನು ಪಡೆಯುತ್ತವೆ. ಆರ್ಕಿಡ್ ಕುಟುಂಬ ಈ ಬಳಗದೊಡನೆ ವ್ಯವಹಾರ ಇಟ್ಟುಕೊಂಡಿಲ್ಲ. ಅದರ ಸಂಗಾತಿಗಳು ಹೆಚ್ಚಾಗಿ ಟ್ಯುಲಾಸ್ನೆಲ್ಲಾ, ಸೆರಾಟೊಬೆಸಿಡಿಯಮ್, ಸೆಬಾಸಿನಾ ಎಂಬ ಗುಂಪುಗಳವು. ನಾಯಿಕೊಡೆ, ಅಣಬೆಗಳ ದೂರದ ದಾಯಾದಿಗಳು. ಕೊಳೆತ ಎಲೆ, ಕಡ್ಡಿಗಳನ್ನು ತಿಂದು ಸ್ವತಂತ್ರವಾಗಿ ಬದುಕಬಲ್ಲವು. ಹೀಗಾಗಿ ಇವುಗಳಿಗೆ ಆರ್ಕಿಡ್ ಬೇಕೇ ಬೇಕೆಂದಿಲ್ಲ, ಆರ್ಕಿಡ್‌ಗೆ ಮಾತ್ರ ಇವು ಬೇಕು. ನಿಮ್ಮ ಅಂಗಡಿಯವರು ಕೊಟ್ಟ ಹೆಕ್ಸಾಕೊನಜೋಲ್ ಅನ್ನು ನಮ್ಮ ರೈತರು ಭತ್ತದ ಎಲೆಕವಚದ ಅಂಗಮಾರಿಗೆ ಸಿಂಪಡಿಸುತ್ತಾರೆ. ಆ ರೋಗವನ್ನು ತರುವ ರೈಜೋಕ್ಟೋನಿಯಾ ಸೊಲಾನಿಯೂ ಸೆರಾಟೊಬೆಸಿಡಿಯಮ್ಮೂ ಒಂದೇ ಮನೆತನದವು. ಸಂಬಂಧವಿಲ್ಲದ ಶಿಲೀಂಧ್ರವನ್ನು ದುಡ್ಡು ಕೊಟ್ಟು ತಂದು ಹಾಕಿದಿರಿ. ಸಂಬಂಧವಿರುವುದು ಅಕಸ್ಮಾತ್ ಮುಳಶಿಯ ಮಣ್ಣಿನೊಡನೆ ಬಂದಿದ್ದರೂ ಅದಕ್ಕೆ ಮದ್ದು ಹೊಡೆದಿರಿ.

ಬೀಜದ ಮಾತಿಗೆ ಬರುತ್ತೇನೆ. ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೂ ಮೊಳೆಯುತ್ತದೆ, ಏಕೆಂದರೆ ತಾಯಿಗಿಡ ಅದಕ್ಕೆ ಬುತ್ತಿ ಕಟ್ಟಿಯೇ ಕಳಿಸಿರುತ್ತದೆ. ಆರ್ಕಿಡ್ ಬೀಜಕ್ಕೆ ಬುತ್ತಿಯಿಲ್ಲ. ಒಂದು ಗ್ರಾಂ ತೂಗಬೇಕಾದರೆ ಲಕ್ಷಗಟ್ಟಲೆ ಬೀಜ ಬೇಕಾಗುವಷ್ಟು ಹಗುರವಾದ ಈ ಧೂಳಿನಲ್ಲಿ, ಬೆರಳೆಣಿಕೆಯ ಕೋಶಪದರಗಳ ಭ್ರೂಣವೂ ಅದರ ಸುತ್ತ ಗಾಳಿಚೀಲದಂತಹ ಹೊದಿಕೆಯೂ ಬಿಟ್ಟರೆ ಬೇರೇನೂ ಇರುವುದಿಲ್ಲ. ಗಾಳಿಯಲ್ಲಿ ಬಹುದೂರ ಹೋಗಬಲ್ಲುದು, ಆದರೆ ಇಳಿದಲ್ಲಿ ಉಣ್ಣಲು ಏನೂ ಇಲ್ಲ. ತನಗೆ ಹೊಂದುವ ಶಿಲೀಂಧ್ರದ ಎಳೆ ಒಳಹೊಕ್ಕರೆ, ಭ್ರೂಣದ ಕೋಶಗಳಲ್ಲಿ ಆ ಎಳೆಗಳು ನೂಲಿನ ಉಂಡೆಯಂತೆ ಸುತ್ತಿಕೊಳ್ಳುತ್ತವೆ; ಕೆಲವೇ ದಿನಗಳಲ್ಲಿ ಕೋಶವು ಆ ಉಂಡೆಯನ್ನು ಅರಗಿಸಿಕೊಳ್ಳುತ್ತದೆ; ಮತ್ತೆ ಹೊಸ ಎಳೆ, ಮತ್ತೆ ಹೊಸ ಉಂಡೆ. ಇದರ ಬಲದಲ್ಲಿ ಬೀಜ ಊದಿ, ಎಲೆಯೂ ಬೇರೂ ಇಲ್ಲದ ಸಾಸಿವೆಯಂತಹ ಬಿಳಿಯ ಮುದ್ದೆಯಾಗುತ್ತದೆ. ಅದಕ್ಕೆ ಪ್ರೋಟೊಕಾರ್ಮ್ ಎಂದು ಹೆಸರು. ಮಣ್ಣಿನ ಕತ್ತಲಲ್ಲಿ ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ, ಶಿಲೀಂಧ್ರದ ಅನ್ನದಲ್ಲೇ ಬದುಕಿ ಆಮೇಲಷ್ಟೇ ಅದು ಮೊದಲ ಹಸಿರೆಲೆಯನ್ನು ಹೊರಗಿಡುತ್ತದೆ.

ಇದನ್ನು ಮೊದಲು ಕಂಡುಕೊಂಡವನು ಫ್ರಾನ್ಸಿನ ನೋಯೆಲ್ ಬರ್ನಾರ್. 1899ರಲ್ಲಿ ಫಾಂಟೆನ್‌ಬ್ಲೊ ಕಾಡಿನಲ್ಲಿ ಹಕ್ಕಿಗೂಡಿನ ಆರ್ಕಿಡ್ ಎಂಬ ಹಸಿರಿಲ್ಲದ ಗಿಡದ ಮಣ್ಣು ಮುಚ್ಚಿದ ಕಾಯಿಯೊಳಗೇ ಸಸಿಗಳು ಮೊಳೆತಿದ್ದನ್ನು ಕಂಡು, ಅವೆಲ್ಲದರಲ್ಲೂ ಶಿಲೀಂಧ್ರವಿರುವುದನ್ನು ಗಮನಿಸಿದ. 1911ರಲ್ಲಿ ತೀರಿಕೊಂಡಾಗ ಅವನಿಗೆ ನಲವತ್ತೂ ಆಗಿರಲಿಲ್ಲ. ಅವನು ತೋರಿಸಿಕೊಟ್ಟ ಇನ್ನೊಂದು ಸಂಗತಿ ನಿಮ್ಮ ಕುಂಡಕ್ಕೆ ನೇರವಾಗಿ ಸಂಬಂಧಿಸಿದ್ದು: ಆರ್ಕಿಡ್‌ಗಳ ಗಡ್ಡೆ ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದನ್ನು ತಡೆಯುವ ವಸ್ತು ಗಡ್ಡೆಯಲ್ಲಿರುತ್ತದೆ. ಸಂಗಾತಿಯ ಬಿಡಾರ ಬೇರಿನಲ್ಲಿ. ಹಬೆನೇರಿಯಾದಂತಹ ಗಿಡಗಳ ಬೇರುಗಳಾದರೋ ಮಳೆ ಮುಗಿದ ಮೇಲೆ ಎಲೆಯೊಂದಿಗೇ ಸಾಯುತ್ತವೆ. ಮುಂದಿನ ಜೂನಿನಲ್ಲಿ ಹೊಸ ಬೇರು ಬಂದಾಗ ಸುತ್ತಲಿನ ಮಣ್ಣಿನಿಂದಲೇ ಶಿಲೀಂಧ್ರ ಮತ್ತೆ ಒಳಬರಬೇಕು. ನೀವು ಮೇ ತಿಂಗಳಲ್ಲಿ ತಂದದ್ದು ಬರೀ ಗಡ್ಡೆ. ಮೊದಲ ವರ್ಷದ ಹೂ ಮುಳಶಿಯಲ್ಲಿ ಕೂಡಿಟ್ಟ ಗಂಟಿನ ಖರ್ಚು. ಆಮೇಲಿನದು ಶಿಲೀಂಧ್ರವಿಲ್ಲದ ಉಪವಾಸ.

ಕುಳಾಗರ, ಫೋಂಡಾ (ಗೋವಾ)

ಮೇಷ್ಟ್ರು ಬೀಜದ ಬಗ್ಗೆ ಬರೆದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಗಡ್ಡೆ ಸತ್ತದ್ದು ಉಪವಾಸದಿಂದಲೇ ಎಂದು ಒಪ್ಪಲು ಕಷ್ಟ. ಅಕ್ಕ, ನವೆಂಬರಿನಿಂದ ಮೇ ತನಕ ಆ ಕುಂಡಕ್ಕೆ ನೀರು ಹಾಕುತ್ತಿದ್ದಿರಾ ಎಂಬುದನ್ನು ನೀವು ಬರೆದಿಲ್ಲ. ಈ ಗಿಡಗಳು ಬೆಳೆಯುವ ಜಾಗವನ್ನು ಒಮ್ಮೆ ಬೇಸಿಗೆಯಲ್ಲಿ ನೋಡಬೇಕು. ಚೋರ್ಲಾ ಘಾಟಿನ ಮೇಲೆ, ಇಲ್ಲಿಯವರು ಸಡಾ ಎನ್ನುವ ಜಂಬಿಟ್ಟಿಗೆಯ ಬಯಲಿನಲ್ಲಿ, ಕಲ್ಲಿನ ಮೇಲೆ ಮಣ್ಣು ಕೆಲವೆಡೆ ನಾಲ್ಕು ಬೆರಳಿಗಿಂತ ಹೆಚ್ಚಿಲ್ಲ. ಮಳೆಗಾಲದಲ್ಲಿ ನೀರು ನಿಂತು ಜಿನುಗುವ ಆ ನೆಲ ಮಾರ್ಚಿನ ಹೊತ್ತಿಗೆ ಒಲೆಯ ಕಲ್ಲಿನಂತಾಗುತ್ತದೆ. ಹಬೆನೇರಿಯಾ ವರ್ಷಕ್ಕೊಂದು ಹೊಸ ಗಡ್ಡೆ ಕಟ್ಟಿ, ಹಳೆಯದನ್ನು ಸೊರಗಿಸಿ ಕೈಬಿಟ್ಟು, ಆ ಹೊಸ ಗಡ್ಡೆಯಲ್ಲಿ ಏಳು ತಿಂಗಳು ಒಣನಿದ್ದೆ ಮಾಡುವ ಗಿಡ. ಕೋಕೋಪೀಟ್ ಮತ್ತು ಎರೆಗೊಬ್ಬರ ನೀರನ್ನು ಹಿಡಿದಿಡುವಂಥವು. ಪಕ್ಕದ ಕುಂಡಗಳಿಗೆ ನೀರು ಹಾಕುವಾಗ ಅಭ್ಯಾಸದಿಂದ ಇದಕ್ಕೂ ಒಂದು ಚೊಂಬು ಬಿದ್ದರೆ ಗಡ್ಡೆ ಕೊಳೆಯುವುದಕ್ಕೆ ಅಷ್ಟು ಸಾಕು.

ನಮ್ಮ ತೋಟದ ಅಂಚಿನಲ್ಲಿ ತಾವಾಗಿಯೇ ಬಂದಿರುವ ನಾಲ್ಕಾರು ಹಬೆನೇರಿಯಾಗಳನ್ನು ನಾನು ಮುಟ್ಟಲು ಹೋಗುವುದಿಲ್ಲ. ಒಮ್ಮೆ ಅಡಿಕೆಗೆ ಕೊಟ್ಟ ರಸಗೊಬ್ಬರ ಮಳೆನೀರಿನೊಡನೆ ಆ ಕಡೆಗೆ ಹರಿದ ವರ್ಷ ಅಲ್ಲಿ ಹುಲ್ಲು ಮೊಣಕಾಲೆತ್ತರ ಬಂದಿತ್ತು, ಆರ್ಕಿಡ್ ಒಂದೂ ಕಾಣಲಿಲ್ಲ. ಎರೆಗೊಬ್ಬರವೂ ಇವುಗಳ ಮಟ್ಟಿಗೆ ಹಬ್ಬದೂಟವೇ.

ಅಗರ್ ಬಾಟಲಿ, ಪುಣೆ

ಅಂಗಾಂಶ ಕೃಷಿಯ ಪ್ರಯೋಗಾಲಯದಲ್ಲಿ ಹನ್ನೆರಡು ವರ್ಷ ಬಾಟಲಿ ತೊಳೆದು, ಬೀಜ ಬಿತ್ತಿ, ಸಸಿ ಸಾಯಿಸಿದ ಅನುಭವದಿಂದ ಬರೆಯುತ್ತಿದ್ದೇನೆ. ಮೇಷ್ಟ್ರ ಬಗ್ಗೆ ಗೌರವವಿಟ್ಟುಕೊಂಡೇ ಒಂದು ತಿದ್ದುಪಡಿ ಸೂಚಿಸುತ್ತೇನೆ. ಶಿಲೀಂಧ್ರವಿಲ್ಲದೆ ಆರ್ಕಿಡ್ ಬೀಜ ಮೊಳೆಯುವುದೇ ಇಲ್ಲ ಎಂಬ ಮಾತು ಕಾಡಿನ ಮಟ್ಟಿಗೆ ನಿಜ. ಬಾಟಲಿಯ ಮಟ್ಟಿಗೆ ಅದು 1922ರಲ್ಲೇ ಬಿದ್ದುಹೋಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್, ಶಿಲೀಂಧ್ರ ಒದಗಿಸುವುದು ಮುಖ್ಯವಾಗಿ ಸಕ್ಕರೆಯನ್ನೇ ಆಗಿದ್ದರೆ ಆ ಸಕ್ಕರೆಯನ್ನು ನಾವೇ ಏಕೆ ಕೊಡಬಾರದೆಂದು ಯೋಚಿಸಿ, ಲವಣಗಳ ಜೊತೆ ಸಕ್ಕರೆ ಬೆರೆಸಿದ ಅಗರ್ (ಕಡಲಪಾಚಿಯಿಂದ ತೆಗೆದ, ಹೆಪ್ಪುಗಟ್ಟುವ ಲೋಳೆ) ಮೇಲೆ ಕ್ಯಾಟ್ಲೆಯಾ ಮೊದಲಾದ ಆರ್ಕಿಡ್‌ಗಳ ಬೀಜವನ್ನು ಶಿಲೀಂಧ್ರವಿಲ್ಲದೆ ಮೊಳೆಯಿಸಿದ. ಇಂದು ದಾದರಿನ ಹೂವಿನ ಮಾರುಕಟ್ಟೆಗೆ ಬರುವ ಡೆಂಡ್ರೋಬಿಯಮ್ ಗೊಂಚಲುಗಳ ಹಿಂದೆ ಇರುವುದು ಇದೇ ಬಾಟಲಿಯ ವಿದ್ಯೆ.

ಆದರೆ ಆ ವಿದ್ಯೆ ಮರದ ಮೇಲಿನ ಆರ್ಕಿಡ್‌ಗಳಿಗೆ ಒಲಿದಷ್ಟು ಸುಲಭವಾಗಿ ನೆಲದವುಗಳಿಗೆ ಒಲಿಯುವುದಿಲ್ಲ. ನೆಲದ ಜಾತಿಗಳ ಬೀಜದ ಹೊದಿಕೆ ಅನೇಕ ವೇಳೆ ನೀರನ್ನೇ ಒಳಗೆ ಬಿಡದಷ್ಟು ಗಡುಸು. ಕಾಯಿ ಪೂರ್ತಿ ಬಲಿತ ಮೇಲೆ ಬೀಜ ನಿದ್ದೆಗೆ ಜಾರುತ್ತದೆ. ಮೊಳೆಯುವಾಗ ಬೆಳಕು ಬಿದ್ದರೆ ಹಲವು ಜಾತಿಗಳು ಹಿಂಜರಿಯುತ್ತವೆ, ಆದ್ದರಿಂದ ಬಾಟಲಿಗಳನ್ನು ಕಪ್ಪುಬಟ್ಟೆ ಸುತ್ತಿ ಕಪಾಟಿನಲ್ಲಿಡಬೇಕು. ಹಾಲೆಂಡಿನ ಹೂಗಾರರ ಸೂತ್ರವನ್ನು ಸಹ್ಯಾದ್ರಿಯ ಗಿಡಕ್ಕೆ ಹಾಗೆಯೇ ಹಚ್ಚಿದರೆ ಅದು ಖನಿಜ ಸಾರಜನಕದ ಹೆಚ್ಚಳಕ್ಕೇ ಕಂದುಬಣ್ಣಕ್ಕೆ ತಿರುಗಿ ಸಾಯಬಹುದು. ಹೀಗಾಗಿ ಅನೇಕರು ಲವಣಗಳನ್ನು ಅರ್ಧಕ್ಕೋ ಕಾಲಿಗೋ ಇಳಿಸಿ, ಸಾರಜನಕವನ್ನು ಪೆಪ್ಟೋನಿನ (ಅರೆಜೀರ್ಣ ಪ್ರೋಟೀನಿನ) ರೂಪದಲ್ಲಿ ಕೊಟ್ಟು, ಎಳನೀರು ಬೆರೆಸುತ್ತಾರೆ. ಇನ್ನೊಂದು ಉಪಾಯವೆಂದರೆ, ಕಾಯಿ ಹಸಿರಾಗಿರುವಾಗಲೇ, ಬೀಜ ಬಲಿತು ನಿದ್ದೆಗೆ ಹೋಗುವ ಮೊದಲೇ, ಕಾಯಿಯನ್ನು ಹೊರಗಿನಿಂದ ಶುದ್ಧಗೊಳಿಸಿ ಕೊಯ್ದು ಬಿತ್ತುವುದು. ಬ್ರಿಟನ್ನಿನಲ್ಲಿ ಒಂದೇ ಒಂದು ಕಾಡುಗಿಡಕ್ಕೆ ಇಳಿದಿದ್ದ ಹಳದಿ ಪಾದರಕ್ಷೆಯ ಆರ್ಕಿಡ್ ಅನ್ನು ಕ್ಯೂ ಉದ್ಯಾನದವರು 1983ರಲ್ಲಿ ಆರಂಭವಾದ ಯೋಜನೆಯಲ್ಲಿ ಹೆಚ್ಚಿಸಿ ಕಾಡಿಗೆ ಮರಳಿಸಿದ್ದು ಇಂತಹ ಎಳೆಯ ಬೀಜದಿಂದಲೇ, ಶಿಲೀಂಧ್ರವಿಲ್ಲದೆ.

ಕಷ್ಟ ಇರುವುದು ಬಾಟಲಿಯಿಂದ ಹೊರಗೆ. ಸಕ್ಕರೆಯ ಮೇಲೆ ಬೆಳೆದ ಸಸಿಗೆ ಮಣ್ಣು ಪರಕೀಯ. ಅಗರ್ ತೊಳೆದು ಕುಂಡಕ್ಕಿಟ್ಟ ಮೊದಲ ಮಳೆಗಾಲದಲ್ಲಿ ಅದು ಸಣ್ಣದೊಂದು ಗಡ್ಡೆ ಕಟ್ಟದಿದ್ದರೆ ಒಣಗಾಲವನ್ನು ದಾಟುವುದಿಲ್ಲ. ನಾವು ಬಾಟಲಿಯಲ್ಲಿ ನೂರು ಹಬೆನೇರಿಯಾ ಸಸಿ ಎಬ್ಬಿಸಿ ಕುಣಿದಾಡಿದ ವರ್ಷ, ಮುಂದಿನ ಜೂನಿಗೆ ಕುಂಡದಲ್ಲಿ ಎದ್ದವು ಎರಡು. ಅಂದಿನಿಂದ ನಾನು ಶಿಲೀಂಧ್ರದ ಪಕ್ಷಕ್ಕೆ ಸೇರಿದೆ. ಜೀವಂತ ಗಿಡದ ಬೇರಿನ ಒಂದು ತುಣುಕನ್ನು ಸೂಕ್ಷ್ಮದರ್ಶಕದಡಿ ಬಿಡಿಸಿದರೆ ಮೇಷ್ಟ್ರು ಹೇಳಿದ ನೂಲುಂಡೆಗಳು ಕಾಣುತ್ತವೆ. ಅವನ್ನು ಒಂದೊಂದಾಗಿ ಆರಿಸಿ ಅಗರ್ ಮೇಲಿಟ್ಟರೆ ಕೆಲವದರಿಂದ ಎಳೆ ಹೊರಡುತ್ತದೆ. ಆ ಎಳೆಯನ್ನು ಓಟ್ಸ್ ಹಿಟ್ಟಿನ ಅಗರ್ ಮೇಲೆ ಬೀಜದೊಂದಿಗೆ ಬಿಟ್ಟರೆ ಶಿಲೀಂಧ್ರ ಓಟ್ಸನ್ನು ತಿನ್ನುತ್ತದೆ, ಬೀಜ ಶಿಲೀಂಧ್ರವನ್ನು ತಿನ್ನುತ್ತದೆ. ಲೀಟರಿಗೆ ಮೂರು ಗ್ರಾಂ ಆಸುಪಾಸು ಓಟ್ಸ್ ಸಾಕು. ಧಾರಾಳವಾಗಿ ಹಾಕಿದರೆ ಶಿಲೀಂಧ್ರ ಕೊಬ್ಬಿ ಮೊಳಕೆಯನ್ನೇ ತಿಂದುಹಾಕುತ್ತದೆ. ಇದನ್ನು ಸ್ನೇಹವೆನ್ನುವವರು ಈ ಬಾಟಲಿಯನ್ನೊಮ್ಮೆ ನೋಡಬೇಕು. ಇಬ್ಬರೂ ಒಬ್ಬರನ್ನೊಬ್ಬರು ತಿನ್ನಲು ಕಾದಿರುವವರು, ತಕ್ಕಡಿ ಸಮನಾಗಿರುವಷ್ಟು ದಿನ ಸಂಸಾರ ನಡೆಯುತ್ತದೆ.

ಮನೆಯಲ್ಲಿ ಮಾಡಲೇಬೇಕೆಂದಿದ್ದರೆ ಅಗರ್ ಕುದಿಸಲು ಅಡುಗೆಮನೆಯ ಕುಕ್ಕರ್ ಆಗುತ್ತದೆ, ಇಪ್ಪತ್ತು ನಿಮಿಷ ಪೂರ್ಣ ಒತ್ತಡದಲ್ಲಿ. ಆದರೆ ಬೇರಿನಿಂದ ಸರಿಯಾದ ಶಿಲೀಂಧ್ರವನ್ನು ಬೇರ್ಪಡಿಸುವ ಕೆಲಸ ಕುಕ್ಕರಿನಿಂದ ಆಗುವಂಥದ್ದಲ್ಲ.

ಬಾಲ್ಕನಿ ತೋಟ, ಕೊಥ್ರೂಡ್

ಎಲ್ಲರಿಗೂ ಕೃತಜ್ಞತೆಗಳು. ಕುಳಾಗರದವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಚಳಿಗಾಲದಲ್ಲಿ ನೀರು ಹಾಕುವುದಿಲ್ಲವೆಂದೇ ನಾನು ತಿಳಿದಿದ್ದೆ. ಮನೆಗೆಲಸಕ್ಕೆ ಬರುವ ಮಾವಶಿಯನ್ನು ಇವತ್ತು ಕೇಳಿದಾಗ, ಒಣಗಿದ ಕುಂಡವನ್ನು ನೋಡಿ ಕನಿಕರದಿಂದ ತಾನು ದಿನಬಿಟ್ಟು ದಿನ ನೀರು ಹಾಕುತ್ತಿದ್ದೆನೆಂದು ಸಂತೋಷವಾಗಿಯೇ ಹೇಳಿದರು. ಇನ್ನು ಅವರಿಗೆ ಏನು ಹೇಳಲಿ.

ನನಗೆ ಈಗ ಹೊಳೆದ ಉಪಾಯವೊಂದಿದೆ. ಮುಳಶಿಯ ಜಮೀನಿನ ಮೇಲ್ಭಾಗದ ಇಳುಕಲಿನಲ್ಲಿ ಇದೇ ಗಿಡಗಳು ಇನ್ನೂ ಇವೆ. ಅಲ್ಲಿ ಏನೂ ಕಟ್ಟುವುದಿಲ್ಲವೆಂದು ಸಂಬಂಧಿಕರು ಹೇಳಿದ್ದಾರೆ. ಅಲ್ಲಿಯ ಮಣ್ಣನ್ನು ಒಂದು ಚೀಲ ತಂದು ಕುಂಡಕ್ಕೆ ತುಂಬಿ, ಉಳಿದ ಬೀಜವನ್ನು ಅದರ ಮೇಲೆ ಉದುರಿಸಿದರೆ ಶಿಲೀಂಧ್ರ ಸಿಕ್ಕಂತಾಗುವುದಿಲ್ಲವೇ? ಜೊತೆಗೆ ಒಂದೆರಡು ಗಡ್ಡೆಗಳನ್ನು ಬೇರು, ಮಣ್ಣು ಸಮೇತ ತಂದರೆ?

ನಿವೃತ್ತ ಮೇಷ್ಟ್ರು, ಡೊಂಬಿವಲಿ

ಮಾವಶಿಯವರ ಕನಿಕರ ಗೊತ್ತಾದ ಮೇಲೆ ನನ್ನ ಉಪವಾಸದ ತೀರ್ಪನ್ನು ಹಿಂತೆಗೆದುಕೊಳ್ಳುತ್ತೇನೆ. ಕುಳಾಗರದವರ ಅನುಮಾನವೇ ಸರಿ. ಬೆಳೆದ ಹಸಿರು ಗಿಡ ತನ್ನ ಅನ್ನವನ್ನು ತಾನೇ ಮಾಡಿಕೊಳ್ಳಬಲ್ಲದು, ಅದು ಶಿಲೀಂಧ್ರಕ್ಕೆ ಸಕ್ಕರೆಯನ್ನು ಹಿಂದಿರುಗಿಸಲೂಬಹುದು. ಗುಡಿಯೆರಾ ಎಂಬ ನೆಲದ ಆರ್ಕಿಡ್‌ನಲ್ಲಿ ಹಾಗೆ ಹಿಂದಿರುಗಿಸುವುದನ್ನು ಬ್ರಿಟನ್ನಿನ ಸಂಶೋಧಕರು ಗುರುತು ಹಚ್ಚಿದ ಇಂಗಾಲವನ್ನು ಬಳಸಿ 2006ರಲ್ಲಿ ತೋರಿಸಿದರು. ಆದ್ದರಿಂದ ಗಡ್ಡೆಯ ಸಾವಿನಲ್ಲಿ ಶಿಲೀಂಧ್ರದ ಅಭಾವಕ್ಕಿಂತ ಚೊಂಬಿನ ಪಾಲು ದೊಡ್ಡದು. ಬೀಜ ಮೊಳೆಯದಿದ್ದುದಕ್ಕೆ ಮಾತ್ರ ನಾನು ಕೊಟ್ಟ ಕಾರಣವೇ ನಿಲ್ಲುತ್ತದೆ.

ಮಣ್ಣು ತರುವ ಯೋಚನೆಯಲ್ಲಿ ತೊಡಕಿದೆ. ಒಂದು ಚೀಲ ಮಣ್ಣಿನಲ್ಲಿ ನಿಮಗೆ ಬೇಕಾದ ಎಳೆಯೊಂದಿಗೆ ಬೇಡದ ನೂರು ಬಗೆಯವೂ ಇರುತ್ತವೆ. ಕುಂಡದ ತೇವ, ಬಿಸಿ, ಗಾಳಿ ಬದಲಾದ ಕೂಡಲೇ ಯಾವುದು ಮೇಲುಗೈ ಸಾಧಿಸುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಬೇರಿನ ಸಮೇತ ಗಿಡ ತರುವುದಂತೂ ಬೇಡ. ಜೆಸಿಬಿಯ ಬಾಯಿಂದ ಉಳಿಸಿದ್ದು ಬೇರೆ, ನೆಮ್ಮದಿಯಾಗಿರುವುದನ್ನು ಕೀಳುವುದು ಬೇರೆ.

ನೀವು ಮಣ್ಣನ್ನು ಬೀಜದ ಬಳಿಗೆ ತರುವ ಬದಲು ಬೀಜವನ್ನೇ ಮಣ್ಣಿನ ಬಳಿಗೆ ಒಯ್ಯಿರಿ. 1993ರಲ್ಲಿ ರಾಸ್ಮುಸೆನ್ ಮತ್ತು ವಿಗ್ಯಮ್ ಎಂಬ ಇಬ್ಬರು ಪ್ರಕಟಿಸಿದ ವಿಧಾನವಿದು. ಬೀಜ ಹೊರಬೀಳದಷ್ಟು, ಆದರೆ ಶಿಲೀಂಧ್ರದ ಎಳೆ ನುಸುಳುವಷ್ಟು ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಮಡಿಸಿ, ನಡುವೆ ಚಿಟಿಕೆ ಬೀಜ ಹಾಕಿ, ಹಳೆಯ ಕಾಲದ ಫೋಟೋ ಸ್ಲೈಡುಗಳ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಬಿಗಿದು, ಬೆಳೆದ ಗಿಡಗಳಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸಿ ಹೂಳುತ್ತಾರೆ. ಚೌಕಟ್ಟಿಗೆ ಮೀನಿನ ಗಾಳದ ದಾರ ಕಟ್ಟಿ ತುದಿಯನ್ನು ಮೇಲೆ ಬಿಟ್ಟರೆ ಮತ್ತೆ ಹುಡುಕುವುದು ಸುಲಭ. ಕೆಲವು ಪೊಟ್ಟಣಗಳನ್ನು ಗಿಡವೇ ಇಲ್ಲದ ಕಡೆಯೂ ಹೂಳಿ; ಅಲ್ಲಿಯೂ ಬೀಜ ಊದಿದರೆ ಶಿಲೀಂಧ್ರ ಗಿಡಕ್ಕಿಂತ ದೂರ ಹರಡಿದೆಯೆಂದು ತಿಳಿಯುತ್ತದೆ.

ಅಗರ್ ಬಾಟಲಿ, ಪುಣೆ

ಮೇಷ್ಟ್ರ ಸಲಹೆ ಚೆನ್ನಾಗಿದೆ. ಪೊಟ್ಟಣದೊಳಗೆ ಪ್ರೋಟೊಕಾರ್ಮ್ ಆದರೆ ಅದರೊಳಗೆ ಇರುವುದು ಮೊಳೆಯಿಸಲು ನಿಜವಾಗಿ ಬೇಕಾದ ಶಿಲೀಂಧ್ರವೇ. ದೊಡ್ಡ ಗಿಡದ ಬೇರಿನಲ್ಲಿ ಸಿಗುವುದು ಕೆಲವೊಮ್ಮೆ ಬೇರೆಯೇ ಆಗಿರುತ್ತದೆ. ಚೀನಾದಲ್ಲಿ ಔಷಧಕ್ಕಾಗಿ ಬೆಳೆಯುವ ಗ್ಯಾಸ್ಟ್ರೋಡಿಯಾ ಎಂಬ ಎಲೆಯಿಲ್ಲದ ಆರ್ಕಿಡ್ ಹಾಗೆಯೇ. ಬೀಜಕ್ಕೆ ಮೈಸಿನಾ ಎಂಬ ಪುಟ್ಟ ಅಣಬೆ, ದೊಡ್ಡದಾದ ಮೇಲೆ ಗಡ್ಡೆಗೆ ಆರ್ಮಿಲ್ಲೇರಿಯಾ. ಈ ಎರಡು ಹಂತ ಗೊತ್ತಾದ ಮೇಲೆ ಅಲ್ಲಿಯ ರೈತರು ಮರದ ತುಂಡುಗಳ ಮೇಲೆ ಶಿಲೀಂಧ್ರ ಬೆಳೆಸಿ ಅದನ್ನು ಬೆಳೆಯಾಗಿಯೇ ತೆಗೆಯುತ್ತಿದ್ದಾರೆ. ನಿಮ್ಮ ಈ ಹಬೆನೇರಿಯಾದ ಗಡ್ಡೆಗೆ ಅಂತಹ ಬೆಲೆ ಇಲ್ಲದ್ದರಿಂದ ಅಷ್ಟು ಶ್ರಮವನ್ನೂ ಯಾರೂ ಪಟ್ಟಿಲ್ಲ, ಅದು ಒಂದು ಲೆಕ್ಕಕ್ಕೆ ಗಿಡದ ಪುಣ್ಯ.

ಎರಡು ವರ್ಷ ಫ್ರಿಜ್ಜಿನಲ್ಲಿದ್ದ ಬೀಜ ಜೀವಂತವಾಗಿದೆಯೇ ಎಂದು ಮೊದಲು ನೋಡಬೇಕು. ಕಾಗದದಲ್ಲಿ ಬರೀ ಹಾಗೆ ಇಟ್ಟಿದ್ದರೆ ತೇವ ಹೀರಿರುತ್ತದೆ. ಈಗಲಾದರೂ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಗೆ ಹಾಕಿ. ಸಾಸಿವೆಯ ಅರ್ಧದಷ್ಟು ಬೀಜ ಕಳಿಸಿದರೆ ಟೆಟ್ರಾಜೋಲಿಯಮ್ ದ್ರಾವಣದಲ್ಲಿಟ್ಟು ನೋಡುತ್ತೇನೆ. ಜೀವವಿರುವ ಭ್ರೂಣ ಕೆಂಪಾಗುತ್ತದೆ. ಅಲ್ಲಿಯವರೆಗೆ ಖಾಲಿ ಕುಂಡ ನೋಡಿ ಬೇಸರವಾಗುವುದಾದರೆ ಸ್ಪ್ಯಾಥೋಗ್ಲೋಟಿಸ್ ಪ್ಲಿಕೇಟಾ ತನ್ನಿ. ಅದೂ ನೆಲದ ಆರ್ಕಿಡ್ಡೇ, ನರ್ಸರಿಯಲ್ಲೇ ಬೆಳೆಸಿದ್ದು, ನೇರಳೆ ಹೂ, ಮಾವಶಿಯವರ ನೀರನ್ನೂ ತಾಳಿಕೊಳ್ಳುತ್ತದೆ.

ಬಾಲ್ಕನಿ ತೋಟ, ಕೊಥ್ರೂಡ್

ಬೀಜ ಕಳಿಸುತ್ತೇನೆ. ಸ್ಲೈಡ್ ಚೌಕಟ್ಟುಗಳಿಗಾಗಿ ನಿನ್ನೆ ಮೂರು ಫೋಟೋ ಸ್ಟುಡಿಯೋಗಳಿಗೆ ಹೋಗಿದ್ದೆ. ಎರಡರಲ್ಲಿ ನಾನು ಏನು ಕೇಳುತ್ತಿದ್ದೇನೆಂಬುದೇ ಅವರಿಗೆ ತಿಳಿಯಲಿಲ್ಲ, ಮೂರನೆಯವರು ಅಟ್ಟದಿಂದ ಒಂದು ಡಬ್ಬಿ ಇಳಿಸಿ ದುಡ್ಡು ಬೇಡವೆಂದರು. ಮೂವತ್ತಾರು ಚೌಕಟ್ಟುಗಳಿವೆ. ನೈಲಾನ್ ಬಲೆಯ ಕಣ್ಣು ಎಷ್ಟು ಸಣ್ಣದಿರಬೇಕೆಂದು ಮೇಷ್ಟ್ರು ಬರೆದಿಲ್ಲ. ಸೊಳ್ಳೆಪರದೆಯದು ಸಾಕೇ?

ನಿವೃತ್ತ ಮೇಷ್ಟ್ರು, ಡೊಂಬಿವಲಿ

ಸೊಳ್ಳೆಪರದೆಯಲ್ಲಿ ಬೀಜವೆಲ್ಲ ಸೋರಿಹೋಗುತ್ತದೆ. ಐವತ್ತು ಮೈಕ್ರಾನ್ ಆಸುಪಾಸಿನದು ಬೇಕು. ಪ್ಲವಕಗಳನ್ನು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು) ಹಿಡಿಯುವ ಬಲೆಗೆ, ಪರದೆ ಮುದ್ರಣಕ್ಕೆ ಬಳಸುವ ಬಟ್ಟೆ ಆಗುತ್ತದೆ. ಪರದೆ ಮುದ್ರಣದವರ ಬಳಿ ಚೂರುಪಾರು ಸಿಗುತ್ತದೆ, ಕೇಳಿ ನೋಡಿ. ಈ ಮಳೆ ಮುಗಿಯುವುದರೊಳಗೆ ಹೂಳಿರಿ; ಮೊದಲ ಆರು ಪೊಟ್ಟಣಗಳನ್ನು ಮುಂದಿನ ಆಗಸ್ಟಿನಲ್ಲಿ ತೆಗೆದರೆ ಸಾಕು, ಉಳಿದವನ್ನು ಅದರ ಮುಂದಿನ ವರ್ಷಕ್ಕೆ ಬಿಡಿ. ಯಾವುದನ್ನು ಎಲ್ಲಿ ಹೂಳಿದಿರೆಂದು ಚೌಕಟ್ಟಿನ ಮೇಲೆಯೇ ಸೀಸದ ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಅಳಿಸಿಹೋಗುತ್ತದೆ.